ಉಳಿದ ಚೂರು ಯಾರ ಪಾಲಿಗೆ?

ಗಿಟಾರ್ ಕಲಿಯುವವರು ಒಂದಲ್ಲ ಒಂದು ದಿನ ಮುಗ್ಗರಿಸುವ ಜಾಗವೊಂದಿದೆ. ಜಿ ಮೇಜರ್ ಕಾರ್ಡು ಚೆನ್ನಾಗಿ ಬೆರೆಯುವವರೆಗೂ ಕಿವಿಗೊಟ್ಟು ಕೂತು ತಂತಿಗಳನ್ನು ಶ್ರುತಿ ಮಾಡುತ್ತಾರೆ. ಆರೂ ತಂತಿ ಒಂದೇ ಗಂಟಲಲ್ಲಿ ಹಾಡಿದಂತೆ ಕೇಳಿಸುತ್ತದೆ. ಅದೇ ಖುಷಿಯಲ್ಲಿ ಬೆರಳು ಇ ಮೇಜರಿಗೆ ಜಾರಿತೋ, ಅನ್ನದಲ್ಲಿ ಕಲ್ಲು ಸಿಕ್ಕಂತಾಗುತ್ತದೆ. ತಪ್ಪು ಎರಡನೆಯ ತಂತಿಯದು, ಬಿ ತಂತಿಯದು. ಅದನ್ನು ಕೂದಲೆಳೆಯಷ್ಟು ಬಿಗಿದರೆ ಇ ಸರಿಹೋಗುತ್ತದೆ, ಜಿ ಕೆಡುತ್ತದೆ. ಸಡಿಲಿಸಿದರೆ ಜಿ ಸರಿ, ಇ ಕೆಟ್ಟಿತು. ತಮಾಷೆಯೆಂದರೆ ಎರಡೂ ಕಾರ್ಡುಗಳಲ್ಲಿ ಆ ತಂತಿಯನ್ನು ಯಾರೂ ಒತ್ತುವುದೇ ಇಲ್ಲ, ಅದು ಬಿಟ್ಟ ತಂತಿಯಾಗಿಯೇ ನುಡಿಯುತ್ತದೆ. ಅದೇ ತಂತಿ, ಅದೇ ಬಿಗಿತ. ಒಂದೇ ಹೆಣ್ಣು ತವರಿನಲ್ಲಿ ಮುದ್ದಿನ ಮಗಳು, ಅತ್ತೆಮನೆಯಲ್ಲಿ ಹೊಂದಿಕೊಳ್ಳದ ಸೊಸೆ.

ನಾಲ್ಕಾರು ಸಲ ಹೀಗಾದ ಮೇಲೆ ಮನುಷ್ಯ ವಾದ್ಯವನ್ನು ದೂರುತ್ತಾನೆ. ಗಿಟಾರ್ ಚೀಲ ಸೇರಿ ರಿಪೇರಿ ಅಂಗಡಿಗೆ ಹೋಗುತ್ತದೆ.

ಅಲ್ಲಿ ರಿಪೇರಿಯಾಗಬೇಕಾದದ್ದು ನಿಜಕ್ಕೂ ಇರುತ್ತದೆ. ಗಿಟಾರಿನ ತಂತಿ ಎರಡು ಕಡೆ ಆತುಕೊಂಡಿರುತ್ತದೆ: ತಲೆಯ ಕಡೆ ನಟ್, ಹೊಟ್ಟೆಯ ಕಡೆ ಬ್ರಿಡ್ಜಿನ ಮೇಲೆ ಕೂತ ಸ್ಯಾಡಲ್. ವೀಣೆ, ತಂಬೂರಿಗಳಲ್ಲಿ ಬ್ರಿಡ್ಜಿಗೆ ಕನ್ನಡದ ಹೆಸರು ಕುದುರೆ. ಇಂಗ್ಲಿಷಿನವರು ಜೀನು ಮಾತ್ರ ಇಟ್ಟರು, ಕನ್ನಡದವರು ಕುದುರೆಯನ್ನೇ ತಂದು ನಿಲ್ಲಿಸಿದರು. ಈ ಎರಡು ಆಸರೆಗಳ ನಡುವಿನ ಉದ್ದ ಎಷ್ಟೋ ಎಲೆಕ್ಟ್ರಿಕ್ ಗಿಟಾರುಗಳಲ್ಲಿ 648 ಮಿಲಿಮೀಟರ್. ಅದರ ಸರಿ ಅರ್ಧಕ್ಕೆ, 324 ಮಿಲಿಮೀಟರಿಗೆ, 12ನೆಯ ಮೆಟ್ಟಿಲು (ಫ್ರೆಟ್). ಅಲ್ಲಿ ಒತ್ತಿದರೆ ಬಿಟ್ಟ ತಂತಿಯ ಮೇಲು ಷಡ್ಜ ಬರಬೇಕು. ಕಾಗದದ ಮೇಲೆ ಬರುತ್ತದೆ. ವಾದ್ಯದಲ್ಲಿ ಅದಕ್ಕಿಂತ ತುಸು ಏರಿಯೇ ಬರುತ್ತದೆ.

ಒತ್ತುವುದೇ ತಂಟೆಯ ಮೂಲ. ತಂತಿ ಮೆಟ್ಟಿಲಿನಿಂದ ಒಂದೆರಡು ಮಿಲಿಮೀಟರ್ ಮೇಲಿರುತ್ತದೆ. ಬೆರಳು ಅದನ್ನು ಅದುಮಿದಾಗ ಉದ್ದ ಕಡಿಮೆಯಾಗುವುದರ ಜೊತೆಗೆ ತಂತಿ ಎಳೆದಂತಾಗಿ ಬಿಗಿಯೂ ಆಗುತ್ತದೆ. ಕರೆದದ್ದು ಉದ್ದವನ್ನು ಮಾತ್ರ, ಬಿಗಿತ ಕರೆಯದೆ ಬಂದ ನೆಂಟ. ದಪ್ಪ ತಂತಿಯ ಪೆಡಸುತನ ಇದಕ್ಕೆ ಇನ್ನಷ್ಟು ಕೂಡಿಸುತ್ತದೆ. ಹಾಗಾಗಿ ಸ್ಯಾಡಲನ್ನು ಲೆಕ್ಕದ ಜಾಗಕ್ಕಿಂತ ಒಂದೆರಡು ಮಿಲಿಮೀಟರ್ ಹಿಂದೆ ಸರಿಸಿ, ತಂತಿಗೆ ಸ್ವಲ್ಪ ಹೆಚ್ಚು ಉದ್ದ ಕೊಟ್ಟು, ಏರಿದ ಸ್ವರವನ್ನು ಇಳಿಸುತ್ತಾರೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಸಾಮಾನ್ಯವಾಗಿ ಒಂದೊಂದು ತಂತಿಗೂ ಬೇರೆ ಸ್ಯಾಡಲ್, ಸ್ಕ್ರೂ ತಿರುಗಿಸಿದರೆ ಸಾಕು. ಉಕ್ಕಿನ ತಂತಿಯ ಅಕೂಸ್ಟಿಕ್ ಗಿಟಾರಿನಲ್ಲಿ ಸ್ಯಾಡಲ್ ಓರೆಯಾಗಿ ಕೂತಿರುತ್ತದೆ. ಅದು ಬಡಗಿಯ ಕೈತಪ್ಪಲ್ಲ, ದಪ್ಪ ತಂತಿಗೆ ಹೆಚ್ಚು ಉದ್ದ ಸಿಗಲೆಂದು ಬೇಕೆಂದೇ ಇಟ್ಟ ಓರೆ.

ನಟ್ಟಿನ ಕಡೆಯ ದೋಷ ಇನ್ನೊಂದು ಬಗೆಯದು. ಅದರಲ್ಲಿ ತಂತಿ ಕೂರುವ ಕಚ್ಚುಗಳು ಆಳವಾಗಿಲ್ಲದಿದ್ದರೆ ಮೊದಲ ಎರಡು ಮೂರು ಮೆಟ್ಟಿಲುಗಳಲ್ಲಿ ತಂತಿಯನ್ನು ಬಹಳ ಕೆಳಗೆ ಅದುಮಬೇಕಾಗುತ್ತದೆ. ಅಲ್ಲಿಯ ಸ್ವರಗಳೆಲ್ಲ ಏರಿಬಿಡುತ್ತವೆ. ಸಣ್ಣ ಅರದಿಂದ ಕಚ್ಚನ್ನು ಉಜ್ಜಿ ತಗ್ಗಿಸುತ್ತಾರೆ. ಒಂದು ಉಜ್ಜು ಹೆಚ್ಚಾದರೆ ಬಿಟ್ಟ ತಂತಿ ಮೆಟ್ಟಿಲಿಗೆ ತಾಗಿ ಝರ್ ಎನ್ನತೊಡಗುತ್ತದೆ, ಮತ್ತೆ ಹೊಸ ನಟ್ ಹಾಕಬೇಕು. ಕೆಲವರು ನಟ್ಟನ್ನೇ ಮೊದಲ ಮೆಟ್ಟಿಲಿನ ಕಡೆಗೆ ಕೂದಲೆಳೆಯಷ್ಟು ಸರಿಸುತ್ತಾರೆ. ಎಲ್ಲಕ್ಕೂ ಒಂದು ಕ್ರಮವಿದೆ: ಮೊದಲು ಹೊಸ ತಂತಿ, ಆಮೇಲೆ ಕತ್ತಿನ ಬಾಗು, ತಂತಿಯ ಎತ್ತರ, ನಟ್, ಕಟ್ಟಕಡೆಗೆ ಸ್ಯಾಡಲ್. ಸವೆದು ಕೊಳೆ ಹಿಡಿದ ತಂತಿಯ ಮೇಲೆ ಸ್ಯಾಡಲ್ ಸರಿಮಾಡುವುದು ಜ್ವರದಲ್ಲಿರುವವನನ್ನು ತೂಕಕ್ಕೆ ನಿಲ್ಲಿಸಿದಂತೆ.

ಸರಿಯಾಯಿತೋ ಇಲ್ಲವೋ ಎಂದು ನೋಡುವ ಪರೀಕ್ಷೆ ಮಾತ್ರ ಬಹಳ ಚೆಂದದ್ದು. 12ನೆಯ ಮೆಟ್ಟಿಲಿನ ನೇರಕ್ಕೆ ತಂತಿಯನ್ನು ಒತ್ತದೆ, ಬೆರಳನ್ನು ಬರಿದೇ ಸೋಕಿಸಿ ಮೀಟಿದರೆ ಗಂಟೆಯಂಥ ತೆಳು ನಾದವೊಂದು ಏಳುತ್ತದೆ. ಅದು ಹಾರ್ಮಾನಿಕ್. ಅದೇ ಜಾಗದಲ್ಲಿ ಒತ್ತಿ ಮೀಟಿದರೆ ಇನ್ನೊಂದು ಸ್ವರ. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಬೇಕು. ಒತ್ತಿದ್ದು ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ತಾನಾಗಿ ಹುಟ್ಟಿದ ಸ್ವರ ಸಾಕ್ಷಿಯ ಕಟ್ಟೆಯಲ್ಲಿ ನಿಂತಿರುತ್ತದೆ, ಮನುಷ್ಯ ಮಾಡಿದ ಸ್ವರ ಅದಕ್ಕೆ ಉತ್ತರ ಕೊಡಬೇಕು.

ತಾನಾಗಿ ಹುಟ್ಟಿದ್ದು ಎಂಬ ಮಾತು ಗಿಟಾರಿನವರಿಗಿಂತ ಮೊದಲೇ ವಿಜಯನಗರದಲ್ಲಿ ಬಳಕೆಯಲ್ಲಿತ್ತು. ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯ 1550ರಲ್ಲಿ ‘ಸ್ವರಮೇಳಕಲಾನಿಧಿ’ ಬರೆದ. ವೀಣೆಯ ಮೆಟ್ಟಿಲುಗಳನ್ನು ಎಲ್ಲೆಲ್ಲಿ ಕೂರಿಸಬೇಕು ಎಂದು ಹೇಳುವಾಗ ಅವನು ಆಧಾರವಾಗಿ ಹಿಡಿಯುವುದು ‘ಸ್ವಯಂಭೂ ಸ್ವರ’ಗಳನ್ನು. ಯಾರೂ ಕೆತ್ತದೆ ನೆಲದಿಂದ ಎದ್ದ ಲಿಂಗಕ್ಕೆ ಇರುವ ಹೆಸರೇ ಯಾರೂ ಒತ್ತದೆ ತಂತಿಯಿಂದ ಏಳುವ ನಾದಕ್ಕೂ ಬಂತು. ಈ ಸ್ವಯಂಭೂ ಸ್ವರಗಳೆಂದರೆ ತಂತಿಯ ಹಾರ್ಮಾನಿಕ್‌ಗಳೇ ಎಂದು ಇಂದಿನ ಸಂಗೀತಶಾಸ್ತ್ರಜ್ಞರು ಅನೇಕರು ಓದುತ್ತಾರೆ.

ಮನುಷ್ಯನ ಲೆಕ್ಕದಲ್ಲಿ ತಪ್ಪು ತಪ್ಪನ್ನು ತಿದ್ದಿದ ಕತೆಯೂ ಉಂಟು. ಗೆಲಿಲಿಯೋನ ತಂದೆ ವಿನ್ಚೆಂಜೋ ಗೆಲಿಲಿ ಲ್ಯೂಟ್ ಎಂಬ ತಂತಿವಾದ್ಯದ ವಾದಕ. 1581ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಅವನು ಮೆಟ್ಟಿಲುಗಳಿಗೆ ಸುಲಭದ ಸೂತ್ರವೊಂದನ್ನು ಕೊಟ್ಟ: ಉಳಿದ ತಂತಿಯ ಹದಿನೆಂಟನೆಯ ಒಂದು ಭಾಗ ಬಿಟ್ಟು ಮುಂದಿನ ಮೆಟ್ಟಿಲು. ಸರಿಯಾದ ಭಾಜಕ 18 ಅಲ್ಲ, 17.817. ಹದಿನೆಂಟರ ಲೆಕ್ಕ ಹಿಡಿದರೆ 648 ಮಿಲಿಮೀಟರ್ ತಂತಿಯಲ್ಲಿ 12ನೆಯ ಮೆಟ್ಟಿಲು ನಡುಮಧ್ಯಕ್ಕಿಂತ ಎರಡು ಮಿಲಿಮೀಟರಿಗೂ ಹೆಚ್ಚು ಹಿಂದೆಯೇ ನಿಂತುಬಿಡುತ್ತದೆ, ಸ್ವರ ಇಳಿಯಬೇಕು. ಆದರೆ ಬೆರಳು ಒತ್ತಿದಾಗ ಸ್ವರ ಏರುತ್ತದಲ್ಲ! ಈ ಇಳಿಕೆಯನ್ನು ಆ ಏರಿಕೆ ಬಹುಮಟ್ಟಿಗೆ ತುಂಬಿಕೊಟ್ಟಿತು. ವಾದ್ಯ ಮಾಡುವವರು ಶತಮಾನಗಳ ಕಾಲ ಹದಿನೆಂಟನ್ನೇ ನಂಬಿ ಬದುಕಿದರು.

ಇಷ್ಟೆಲ್ಲ ಮಾಡಿಸಿಕೊಂಡ ಗಿಟಾರ್ ಮನೆಗೆ ಬರುತ್ತದೆ. 12ನೆಯ ಮೆಟ್ಟಿಲಿನಲ್ಲಿ ಎರಡೂ ಸ್ವರ ಕೂಡುತ್ತವೆ. ಕಲಿಯುವಾತ ಜಿ ಕಾರ್ಡನ್ನು ಕಿವಿಯಿಂದ ಬೆರೆಸುತ್ತಾನೆ, ಇ ನುಡಿಸುತ್ತಾನೆ. ಕಲ್ಲು ಅಲ್ಲೇ ಇದೆ.

ಈ ಕಲ್ಲನ್ನು ಯಾರೂ ತಂದು ಹಾಕಿದ್ದಲ್ಲ. ಕಿವಿಗೆ ಪಂಚಮ ಹಿತವಾಗುವುದು ಕಂಪನಗಳು 3ಕ್ಕೆ 2ರಂತೆ ಇದ್ದಾಗ, ಮೇಲು ಷಡ್ಜ 2ಕ್ಕೆ 1ರಂತೆ ಇದ್ದಾಗ. ಒಂದು ಸ್ವರದಿಂದ ಹೊರಟು ಪಂಚಮದ ಮೇಲೆ ಪಂಚಮವಾಗಿ ಹನ್ನೆರಡು ಹೆಜ್ಜೆ ಹತ್ತಿದರೆ, ಹೊರಟ ಸ್ವರವೇ ಏಳು ಸ್ಥಾಯಿ ಮೇಲೆ ಸಿಗಬೇಕು ಎಂದು ಮನಸ್ಸು ಹೇಳುತ್ತದೆ. ಸಿಗುವುದಿಲ್ಲ. ಪಂಚಮದ ದಾರಿಯಲ್ಲಿ 129.75 ಪಟ್ಟು, ಸ್ಥಾಯಿಯ ದಾರಿಯಲ್ಲಿ 128 ಪಟ್ಟು. ಎಂದಾದರೂ ಕೂಡಬಹುದೇ? ಮೂರನ್ನು ಮೂರರಿಂದ ಎಷ್ಟು ಸಲ ಗುಣಿಸಿದರೂ ಬೆಸ ಸಂಖ್ಯೆ, ಎರಡನ್ನು ಎರಡರಿಂದ ಗುಣಿಸಿದರೆ ಸಮ ಸಂಖ್ಯೆ. ಬೆಸ ಎಂದೂ ಸಮ ಆಗದು. ಇದನ್ನು ತಿಳಿಯಲು ಐದನೆಯ ಇಯತ್ತೆಯ ಗಣಿತ ಸಾಕು, ಒಪ್ಪಿಕೊಳ್ಳಲು ಮನುಷ್ಯಕುಲ ಎರಡು ಸಾವಿರ ವರ್ಷ ಒದ್ದಾಡಿದೆ. ಉಳಿದುಹೋಗುವ ಚೂರಿಗೆ ಪೈಥಾಗರಸ್ ಹೆಸರಿನ ಕಾಮಾ ಎನ್ನುತ್ತಾರೆ. ಒಂದು ಸ್ಥಾಯಿಯನ್ನು 1200 ಸೆಂಟ್ಸ್ ಎಂದು ಹಿಡಿದರೆ ಅದು 23.46 ಸೆಂಟ್ಸ್. ಮಂಗಳೂರಿನ ಕಡೆ ಮನೆ ಜಾಗ ಅಳೆಯುವ ಸೆಂಟ್ಸ್ ಬೇರೆ. ಆದರೂ ಜಗಳದ ಬಗೆ ಒಂದೇ. ಬಿ ತಂತಿಯನ್ನು ಕಾಡಿದ್ದು ಇದರ ತಮ್ಮ. ನಾಲ್ಕು ಪಂಚಮ ಹತ್ತಿ ಸಿಗುವ ಗಾಂಧಾರಕ್ಕೂ ಕಿವಿ ಬಯಸುವ ಗಾಂಧಾರಕ್ಕೂ 81ಕ್ಕೆ 80ರಷ್ಟು ಅಂತರ, ಸುಮಾರು 21.5 ಸೆಂಟ್ಸ್. ಜಿ ಕಾರ್ಡಿನಲ್ಲಿ ಬಿ ಗಾಂಧಾರವಾಗಿರಬೇಕು, ಇ ಕಾರ್ಡಿನಲ್ಲಿ ಅದೇ ಬಿ ಪಂಚಮ. ಎರಡೂ ಶುದ್ಧವಾಗಿರಲು ಒಂದು ತಂತಿ ಸಾಲದು.

ಇಲ್ಲಿಗೆ ರಿಪೇರಿ ಅಂಗಡಿಯ ಗಡಿ ಮುಗಿದು ದೇವರ ಗಡಿ ಶುರುವಾಗುತ್ತದೆ. ಲೋಕದಲ್ಲಿರುವ ದೋಷವೆಲ್ಲ ಸ್ಯಾಡಲ್ಲಿನ ದೋಷದಂತೆ ಸರಿಪಡಿಸಬಲ್ಲದ್ದೋ, ಅಥವಾ ಕೆಲವು ದೋಷಗಳು ಈ ಚೂರಿನಂತೆ, ಲೋಕ ಇರಬೇಕಾದರೆ ಅವೂ ಇರಲೇಬೇಕೋ?

ಯುರೋಪಿನಲ್ಲಿ ಈ ಪ್ರಶ್ನೆಗೆ ಸಂಗೀತದ ಹತ್ತಿರದ ನೆಂಟಸ್ತಿಕೆಯಿತ್ತು. ತತ್ವಜ್ಞಾನಿ ಡೆಕಾರ್ಟೆ 1618ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ ಬರೆದ ಮೊದಲ ಕೃತಿ ಸಂಗೀತದ ಮೇಲಿನದು. 1630ರಲ್ಲಿ ಅವನು ಗೆಳೆಯ ಮರ್ಸೆನ್‌ಗೆ ಬರೆದ ಪತ್ರಗಳಲ್ಲಿ ಒಂದು ದಿಟ್ಟ ವಾದವಿದೆ: ಗಣಿತದ ಸತ್ಯಗಳನ್ನೂ ದೇವರೇ ಸ್ಥಾಪಿಸಿದ್ದು, ರಾಜ ಕಾನೂನು ಮಾಡಿದ ಹಾಗೆ. ಪತ್ರ ಪಡೆದ ಮರ್ಸೆನ್ ಕ್ರೈಸ್ತ ಸನ್ಯಾಸಿ. ತಂತಿಯ ಉದ್ದ, ಬಿಗಿತ, ಭಾರಗಳಿಗೂ ಸ್ವರಕ್ಕೂ ಇರುವ ನಿಯಮವನ್ನು 1636ರ ತನ್ನ ಗ್ರಂಥದಲ್ಲಿ ಕೊಟ್ಟವನು ಅವನೇ. ಡೆಕಾರ್ಟೆಯ ವಾದವನ್ನು ಕೊನೆಯವರೆಗೆ ಒಯ್ದರೆ, ದೇವರು ಮನಸ್ಸು ಮಾಡಿದ್ದರೆ ಹನ್ನೆರಡು ಪಂಚಮಗಳು ಏಳು ಸ್ಥಾಯಿಗೆ ಸರಿಹೊಂದುತ್ತಿದ್ದವು. ಇನ್ನೊಬ್ಬ ತತ್ವಜ್ಞಾನಿ ಲೈಬ್ನಿಜ್ ಇದನ್ನು ಒಪ್ಪುವವನಲ್ಲ. 1710ರಲ್ಲಿ ಪ್ರಕಟಿಸಿದ ‘ಥಿಯೋಡಿಸಿ’ಯಲ್ಲಿ ಅವನ ನಿಲುವು: ಗಣಿತದ ಸತ್ಯ ದೇವರ ಇಚ್ಛೆಗೆ ಒಳಪಟ್ಟದ್ದಲ್ಲ; ಸೃಷ್ಟಿಯಾದದ್ದು ಯಾವುದೇ ಆಗಲಿ, ಸೀಮಿತವಾದ್ದರಿಂದಲೇ ಕೊರತೆಯನ್ನು ಹೊತ್ತು ಬರುತ್ತದೆ; ದೇವರು ಸಾಧ್ಯವಿದ್ದವುಗಳಲ್ಲಿ ಅತ್ಯುತ್ತಮವಾದದ್ದನ್ನು ಆರಿಸಿದ. ಅವನ ದೇವರು ಒಳ್ಳೆಯ ಗಿಟಾರ್ ರಿಪೇರಿಯವನ ಹಾಗೆ, ಕಾಮಾವನ್ನು ಅಳಿಸಲಾರ, ಅದನ್ನು ಎಲ್ಲಿ ಇಡಬೇಕೆಂದು ಬಲ್ಲ.

ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಇದೇ ದಾವೆಯನ್ನು ಇನ್ನೊಂದು ಬಾಗಿಲಿನಿಂದ ತರುತ್ತಾರೆ. ಒಬ್ಬರಿಗೆ ಸುಖ, ಇನ್ನೊಬ್ಬರಿಗೆ ದುಃಖ ಹಂಚಿದ ಈಶ್ವರ ಪಕ್ಷಪಾತಿಯಲ್ಲವೇ, ನಿರ್ದಯಿಯಲ್ಲವೇ? ಅಲ್ಲ, ಅವನು ಪ್ರಾಣಿಗಳ ಕರ್ಮವನ್ನು ನೋಡಿ ಹಂಚುತ್ತಾನೆ ಎಂಬುದು ಸೂತ್ರದ ಉತ್ತರ. ಶಂಕರರ ಭಾಷ್ಯ ಅದಕ್ಕೆ ಮಳೆಯ ಹೋಲಿಕೆ ಕೊಡುತ್ತದೆ: ಮಳೆ ಎಲ್ಲ ಬೀಜಕ್ಕೂ ಒಂದೇ, ಭತ್ತ ಭತ್ತವಾಗುವುದೂ ಜವೆ ಜವೆಯಾಗುವುದೂ ಬೀಜದ ಗುಣದಿಂದ. ಗಮನಿಸಬೇಕಾದದ್ದೆಂದರೆ, ಇಲ್ಲಿ ಪ್ರಶ್ನೆ ದೋಷ ಏಕಿದೆ ಎಂಬುದಷ್ಟೇ ಅಲ್ಲ, ಅದು ಯಾರ ಪಾಲಿಗೆ ಬಂತು ಎಂಬುದು. ಸಂಗೀತದ ಇತಿಹಾಸವೂ ಅಷ್ಟೇ. ಅದು ಉಳಿದ ಚೂರಿನ ಪಾಲುಪಟ್ಟಿ.

ಮೊದಲ ಪಾಲುಪಟ್ಟಿ ಹೀಗಿತ್ತು. ಹದಿನಾರನೆಯ ಶತಮಾನದ ಇಟಲಿಯ ಆರ್ಗನ್, ಹಾರ್ಪ್ಸಿಕಾರ್ಡುಗಳಲ್ಲಿ ಗಾಂಧಾರಗಳು ಅಚ್ಚ ಶುದ್ಧವಾಗಿರಲೆಂದು ಹನ್ನೊಂದು ಪಂಚಮಗಳನ್ನು ಚೂರುಚೂರೇ ಇಳಿಸಿದರು. ಸಾಮಾನ್ಯವಾಗಿ ನುಡಿಸುವ ಕಡೆಯೆಲ್ಲ ನಾದ ಸ್ವರ್ಗದಂತಾಯಿತು. ಲೆಕ್ಕ ಮಾತ್ರ ಬಿಡಲಿಲ್ಲ. ಹನ್ನೆರಡನೆಯ ಪಂಚಮ ಸುಮಾರು 36 ಸೆಂಟ್ಸ್ ಅಗಲವಾಗಿ ಊಳಿಡತೊಡಗಿತು. ಅದಕ್ಕೆ ಅವರಿಟ್ಟ ಹೆಸರು ತೋಳ. ಪರಿಹಾರವೂ ಸರಳವಾಗಿತ್ತು: ಆ ಕಡೆಗೆ ಹೋಗಬೇಡಿ.

ಕರ್ನಾಟಕದ ಓದುಗರಿಗೆ ಈ ಏರ್ಪಾಡು ಅಪರಿಚಿತವಲ್ಲ. ಮಡಿಯ ಬೀದಿ ಮಡಿಯಾಗಿ ಉಳಿದದ್ದು ಮೈಲಿಗೆ ಇಲ್ಲವಾದ್ದರಿಂದಲ್ಲ, ಅದನ್ನೆಲ್ಲ ಊರಾಚೆಯ ಕೇರಿಯ ಲೆಕ್ಕಕ್ಕೆ ಬರೆದದ್ದರಿಂದ. ಸತ್ತ ದನ ಎಳೆಯುವವರು, ಮಲ ಹೊರುವವರು ಇನ್ನೊಂದು ದಿಕ್ಕಿನಲ್ಲಿ ಇದ್ದರು, ಆ ಕಡೆಗೆ ಹೋಗಬಾರದಿತ್ತು. ಶುದ್ಧಿಯ ಮಾತು ಎತ್ತಿದವರ ಮುಂದೆ ಇಡಬಹುದಾದ ಒಂದು ಪ್ರಶ್ನೆಯನ್ನು ಹಳೆಯ ಆರ್ಗನ್ ಕಲಿಸಿಕೊಡುತ್ತದೆ: ನಿಮ್ಮ ತೋಳವನ್ನು ಎಲ್ಲಿ ಕಟ್ಟಿದ್ದೀರಿ?

ಎರಡನೆಯ ಪಾಲುಪಟ್ಟಿ ಸಮಾನತೆಯದು. ಚೂರನ್ನು ಹನ್ನೆರಡು ಭಾಗ ಮಾಡಿ ಎಲ್ಲ ಪಂಚಮಗಳಿಗೂ ಸಮನಾಗಿ ಹಂಚಿಬಿಡುವುದು. ಚೀನಾದ ಮಿಂಗ್ ವಂಶದ ರಾಜಕುಮಾರ ಝು ಝೈಯು 1584ರಲ್ಲಿ ಇದರ ಕರಾರುವಾಕ್ಕಾದ ಲೆಕ್ಕ ಬರೆದಿಟ್ಟ. ಇಂದಿನ ಗಿಟಾರಿನ ಮೆಟ್ಟಿಲು, ಪಿಯಾನೋದ ಮನೆ, ಮೊಬೈಲಿನ ಟ್ಯೂನರ್ ಎಲ್ಲವೂ ಈ ಲೆಕ್ಕದವೇ. ತೋಳ ಸತ್ತಿತು. ಆದರೆ ಸಮನಾಗಿ ಹಂಚಿದ್ದು ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲ. ಪಂಚಮ ಕಳೆದುಕೊಂಡದ್ದು ಬರೀ 2 ಸೆಂಟ್ಸ್, ಗಾಂಧಾರ ಸುಮಾರು 14 ಸೆಂಟ್ಸ್ ಏರಿ ಕೂತಿತು. ಬಿ ತಂತಿಯನ್ನು ಟ್ಯೂನರ್ ಹೇಳಿದಂತೆ ಇಟ್ಟರೆ ಇ ಕಾರ್ಡು ಬಹುತೇಕ ಸರಿ, ಜಿ ಕಾರ್ಡಿನ ಗಾಂಧಾರ ಎಂದೆಂದಿಗೂ ತುಸು ಒಗರು. ಭಾರತದಲ್ಲಿ ಈ ಒಗರಿನ ವಿರುದ್ಧ ಎದ್ದ ದೊಡ್ಡ ಕೂಗು ಹಾರ್ಮೋನಿಯಂ ಮೇಲೆ ಬಿತ್ತು. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನು ಹೊರಗಿಟ್ಟಿತು, 1971ರವರೆಗೂ ಒಳಗೆ ಬಿಡಲಿಲ್ಲ. ಅದೇ ಮೂವತ್ತೊಂದು ವರ್ಷ ಭಜನಾ ಮಂದಿರಗಳಲ್ಲಿ, ಕಂಪನಿ ನಾಟಕದ ರಂಗದ ಮಗ್ಗುಲಲ್ಲಿ, ಲೆಗ್ ಹಾರ್ಮೋನಿಯಂ ತುಳಿಯುತ್ತಲೇ ಇದ್ದರು.

ಈ ಎರಡು ಪಾಲುಪಟ್ಟಿಗಳ ನಡುವೆ ಸಂಗೀತ ರಚನಕಾರ ಬಾಖ್ 1722ರಲ್ಲಿ ಹೊರಟ ದಾರಿ ಒಂದಿದೆ. ಎಲ್ಲ 24 ಮೇಜರ್, ಮೈನರ್ ಶ್ರುತಿಗಳಿಗೂ ಒಂದೊಂದು ಜೋಡಿ ರಚನೆ ಬರೆದಾಗ ಅವನ ಕಾಲದ ಹಂಚಿಕೆ ಪೂರ್ಣ ಸಮವಾಗಿರಲಿಲ್ಲ ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಭಾರ ಹೆಚ್ಚುಕಡಿಮೆಯಾಗಿ ಹಂಚಿತ್ತು, ಯಾವುದೂ ಹೊರಲಾರದಷ್ಟು ಇರಲಿಲ್ಲ. ಒಂದೊಂದು ಶ್ರುತಿಗೂ ಒಂದೊಂದು ಮುಖ ಉಳಿಯಿತು.

ದಕ್ಷಿಣ ಭಾರತದ ಸಂಗೀತ ಪಾಲಿಗೆ ಕೂರಲೇ ಇಲ್ಲ. ಅದು ಆಸ್ತಿಯನ್ನೇ ಬಿಟ್ಟುಕೊಟ್ಟಿತು. ಒಂದು ಷಡ್ಜವನ್ನು ಹಿಡಿದು ಕಛೇರಿ ಮುಗಿಯುವವರೆಗೆ ಬಿಡದೆ, ಕಾರ್ಡುಗಳ ಆಸೆಯನ್ನೇ ಬಿಟ್ಟರೆ, ಬಿ ತಂತಿಗೆ ಎರಡು ಮನೆಯ ಋಣ ಬೀಳುವುದಿಲ್ಲ. ಚೆನ್ನಾಗಿ ಶ್ರುತಿ ಸೇರಿದ ತಂಬೂರಿಯ ಷಡ್ಜದೊಳಗಿಂದ ಅಂತರ ಗಾಂಧಾರ ತಾನಾಗಿ ಕೇಳುತ್ತದೆ, ಅದನ್ನು ಗಾಯಕರು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಗಿಟಾರಿನ ಜಿ ಕಾರ್ಡು ಬೇಡಿ ಪಡೆಯದೆ ಹೋದ ಗಾಂಧಾರ ಇದೇ. ಅದು ಅಷ್ಟು ಚೆನ್ನಾಗಿ ಕೇಳುವುದಕ್ಕೆ ಕಾರಣ ಮತ್ತೆ ಕುದುರೆ. ತಂಬೂರಿಯ ಕುದುರೆಯ ಬೆನ್ನು ಅಗಲ, ತುಸು ಉಬ್ಬು. ತಂತಿಯಡಿ ಒಂದು ನೂಲೆಳೆ, ಅದರ ಹೆಸರು ಜೀವಾಳ. ತಂತಿ ಅಲುಗಿದಾಗಲೆಲ್ಲ ಕುದುರೆಯ ಬೆನ್ನನ್ನು ಸವರುತ್ತದೆ. ಹೀಗಾದಾಗ ಹಳೆಯ ನಿಯಮದ ಪ್ರಕಾರ ಇರಬಾರದ ಹಾರ್ಮಾನಿಕ್‌ಗಳೂ ಗಟ್ಟಿಯಾಗಿ ಕೇಳುತ್ತವೆ ಎಂದು ಸಿ.ವಿ. ರಾಮನ್ 1921ರ ಪ್ರಬಂಧದಲ್ಲಿ ತೋರಿಸಿದರು. ಬೆಂಗಳೂರಿಗೆ ಬರುವ ಮೊದಲು, ಕಲ್ಕತ್ತದಲ್ಲಿ ಇದ್ದಾಗಿನ ಕೆಲಸ ಅದು.

ತ್ಯಾಗಕ್ಕೂ ಬೆಲೆಯಿದೆ. ಷಡ್ಜ ಬದಲಿಸುತ್ತ ಹೋಗುವ ಸುಖ, ಹತ್ತು ಕೊರಳು ಹತ್ತು ಸ್ವರ ಹಿಡಿದು ಒಂದಾಗುವ ಸುಖ ಇಲ್ಲಿಲ್ಲ. ಅಲ್ಲದೆ ಮೆಟ್ಟಿಲಿರುವ ವೀಣೆಗೆ ಒಂದೇ ಷಡ್ಜದೊಳಗೂ ತೊಡಕು ತಪ್ಪಲಿಲ್ಲ. ಒಂದು ರಾಗದ ಗಾಂಧಾರ ಇನ್ನೊಂದರದಲ್ಲ. ಅದಕ್ಕೇ ರಾಮಾಮಾತ್ಯ ಎರಡು ಬಗೆಯ ವೀಣೆಗಳನ್ನು ಹೇಳಿದ: ಒಂದೇ ರಾಗಕ್ಕೆ ಹೊಂದುವಂತೆ ಮೆಟ್ಟಿಲಿಟ್ಟದ್ದು ಏಕರಾಗಮೇಳ, ಎಲ್ಲ ರಾಗಕ್ಕೂ ನಡೆಯುವಂತೆ ಇಟ್ಟದ್ದು ಸರ್ವರಾಗಮೇಳ. ಒಂದು ಅನನ್ಯ ಭಕ್ತಿಯಂತೆ, ಇನ್ನೊಂದು ಛತ್ರದಂತೆ. ಉಳಿದದ್ದು ಛತ್ರವೇ. ಇಂದಿನ ವೀಣೆಯಲ್ಲಿ ಸ್ಥಾಯಿಗೆ ಹನ್ನೆರಡರಂತೆ 24 ಮೆಟ್ಟಿಲು, ಗಿಟಾರಿನ ಲೆಕ್ಕವೇ. ಉಳಿದ ಚೂರನ್ನು ಇಲ್ಲಿ ಹೊರುವುದು ಮೆಟ್ಟಿಲಲ್ಲ, ಬೆರಳು. ಮೆಟ್ಟಿಲು ಎತ್ತರವಾಗಿರುವುದರಿಂದ ತಂತಿಯನ್ನು ಪಕ್ಕಕ್ಕೆ ಎಳೆದು ಬೇಕಾದ ಗಾಂಧಾರವನ್ನು ಎಬ್ಬಿಸಬಹುದು. ಯಾವ ಒತ್ತುವಿಕೆ ಗಿಟಾರಿನಲ್ಲಿ ದೋಷವೆನಿಸಿತ್ತೋ ಅದೇ ಇಲ್ಲಿ ಗಮಕ.

ಮೆಟ್ಟಿಲನ್ನೇ ಬಿಟ್ಟವರೂ ಇದ್ದಾರೆ. ವಿಶ್ವಮೋಹನ ಭಟ್ಟರು ಗಿಟಾರನ್ನು ಮೋಹನವೀಣೆಯಾಗಿ ಮಾಡಿಕೊಂಡು ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸುತ್ತ ನುಡಿಸುತ್ತಾರೆ, ಬೆರಳು ಮೆಟ್ಟಿಲಿಗೆ ಒತ್ತುವ ಮಾತೇ ಇಲ್ಲ. ಇನ್ನೂ ಹಿಂದೆ ಹೋದರೆ, ಬಸವಣ್ಣ ತನ್ನ ದೇಹವನ್ನೇ ವಾದ್ಯ ಮಾಡಿಕೋ ಎಂದು ಸಂಗಮನಾಥನನ್ನು ಬೇಡುವ ವಚನವೊಂದಿದೆ. ಕಾಯ, ತಲೆ, ನರ, ಬೆರಳು ಒಂದೊಂದೂ ವಾದ್ಯದ ಒಂದೊಂದು ಅಂಗವಾಗುತ್ತವೆ. ಆ ಪಟ್ಟಿಯಲ್ಲಿ ಮೆಟ್ಟಿಲು ಇಲ್ಲ.

ವೀಣೆಯಲ್ಲಿ ಮೆಟ್ಟಿಲು ಇದ್ದೇ ಇದೆ, ಆದರೆ ಅದು ಕೂತಿರುವುದು ಮೇಣದ ಮೇಲೆ. ಜೇನುಮೇಣಕ್ಕೆ ಇದ್ದಿಲ ಪುಡಿ ಕಲಸಿ ದಂಡಿಯ ಎರಡು ಅಂಚಿಗೂ ಗೋಡೆ ಕಟ್ಟಿ, ಅದರ ಮೇಲೆ ಲೋಹದ ಮೆಟ್ಟಿಲುಗಳನ್ನು ಇಡುತ್ತಾರೆ. ಈ ಕೆಲಸಕ್ಕೆ ಮೇಳ ಕಟ್ಟುವುದು ಎಂದು ಹೆಸರು. ವರ್ಷಗಳು ಕಳೆದಂತೆ, ಬೇಸಿಗೆಗಳು ಬಂದುಹೋದಂತೆ, ಮೇಣ ಸಡಿಲವಾಗಿ ಮೆಟ್ಟಿಲು ಅಲುಗಾಡುತ್ತದೆ. ಮೇಳ ಕಟ್ಟುವವರನ್ನು ಮತ್ತೆ ಕರೆಯಬೇಕು. ಅವರು ಹಳೆಯ ಮೇಣವನ್ನು ಕೆರೆದು ತೆಗೆದು, ಹೊಸದನ್ನು ಬಿಸಿ ಮಾಡಿ ಮೆತ್ತಿ, ಮೊದಲ ಮೆಟ್ಟಿಲನ್ನು ಇಟ್ಟು ತಂತಿ ಮೀಟುತ್ತಾರೆ. ಬಲಕ್ಕೆ ತುಸು ತಳ್ಳಿ ಇನ್ನೊಮ್ಮೆ ಮೀಟುತ್ತಾರೆ. ಮೇಣ ಆರುವುದರೊಳಗೆ ಇನ್ನೂ ಇಪ್ಪತ್ತಮೂರು ಬಾಕಿ ಇರುತ್ತವೆ.